ತುಳಸಿ ಕುಂಡದಲ್ಲಿ ಸಿಕ್ಕ ಮಾತ್ರೆಗಳು

ರಾಯರ ಭಕ್ತ ಬಂಧುಗಳೇ, ನನ್ನ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಪರದೇಶದಲ್ಲಿ, ಗ್ರೀನ್‌ಫರ್ಡಿನ ಗೋದಾಮಿನಲ್ಲಿ ವರ್ಷಗಟ್ಟಲೆ ಪೆಟ್ಟಿಗೆ ಎತ್ತಿ ನನಗೆ ಹರ್ನಿಯಾ ಆಗಿತ್ತು. ಆಪರೇಷನ್ನಿಗೆ ಕಾಯುತ್ತಿರುವಾಗಲೇ, ಕಳೆದ ಚಳಿಗಾಲದಲ್ಲಿ, ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಸರ್ಜನ್ ಆಪರೇಷನ್ನನ್ನು ಮುಂದಿನ ವರ್ಷಕ್ಕೆ ತಳ್ಳಿದರು. ರಕ್ತ ಹೆಪ್ಪುಗಟ್ಟದಂತೆ ದಿನವೂ ಎರಡು ಮಾತ್ರೆ ನುಂಗಬೇಕಿತ್ತು. ನುಂಗುತ್ತಿರುವಾಗ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ, ನಿಲ್ಲಿಸಿದರೆ ಹೊಸ ಸ್ಟೆಂಟೇ ಕಟ್ಟಿಕೊಂಡು ಜೀವ ಹೋಗಬಹುದು ಎಂದು ಬಿಡಿಸಿ ಹೇಳಿದ್ದರು.

ನನಗೆ ಮಾತ್ರ ಅವಸರ. ಕಿಂಗ್ಸ್‌ಬರಿಯ ಬಾಡಿಗೆ ಸಭಾಂಗಣದಲ್ಲಿ ನಡೆಯುವ ಆರಾಧನೆಗೆ ರಾಯರ ಪಲ್ಲಕ್ಕಿಯ ಮುಂದಿನ ಬಲಗಡೆ ನನ್ನ ಹೆಗಲು. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಬರೀ ಹಾಲು ಹಣ್ಣಿನ ಮೇಲಿದ್ದು ಒಂದು ವಾರದ ಸೇವೆ ಹಿಡಿದು, "ಈ ಹರ್ನಿಯಾ ನೋವೊಂದು ತೆಗೆದುಬಿಡಿ" ಎಂದು ಬೇಡಿದೆ. ತೀರ್ಥ ಕುಡಿದ ಬಾಯಿಗೆ ಮಾತ್ರೆಯನ್ನೂ ಹಾಕಿಕೊಂಡರೆ ನಂಬಿಕೆ ಅರ್ಧವಾದಂತೆ ಎಂದುಕೊಂಡೆ.

"ಮಾತ್ರೆ ತಗೊಂಡ್ರಾ?" ಎಂದು ಹೆಂಡತಿ ಶಾರದೆ ಅಡುಗೆಮನೆಯಿಂದ ಕೇಳುತ್ತಿದ್ದಳು.

"ಆಯ್ತು ಕಣೇ" ಎನ್ನುತ್ತಿದ್ದೆ.

ಫ್ಲಾಟಿನ ಕಿಟಕಿಯ ಕೆಳಗೆ, ನೆಲದ ಮೇಲಿದ್ದ ತುಳಸಿಗೆ ನೀರು ಹಾಕುವುದು ನನ್ನ ಕೆಲಸ. ಆಗ ಮಾತ್ರೆಗಳನ್ನು ಮಣ್ಣಿನಲ್ಲಿ ಹುಗಿಯುತ್ತಿದ್ದೆ. ಕಸದ ಡಬ್ಬಿಯಾದರೆ ಅವಳ ಕಣ್ಣಿಗೆ ಬೀಳುತ್ತಿತ್ತು.

ಸೇವೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಹರ್ನಿಯಾ ನೋವು ಜಾಸ್ತಿಯಾಗಿ ಬಗ್ಗಲಾಗಲಿಲ್ಲ. ಶಾರದೆ ಚೊಂಬು ಕಿತ್ತುಕೊಂಡು ತಾನೇ ನೀರು ಹಾಕಿದಳು. ಒಣಗಿದ ಎಲೆ ತೆಗೆಯಲು ಮಣ್ಣು ಕೆದಕಿದವಳು ಹಾಗೇ ನನ್ನತ್ತ ತಿರುಗಿದಳು.

"ಏನ್ರೀ ಇದು? ತುಳಸಿಗೂ ಹಾರ್ಟ್ ಅಟ್ಯಾಕ್ ಆಗಿತ್ತಾ?"

ನಾನು ತಲೆ ತಗ್ಗಿಸಿದೆ.

"ಎದೆ ನೋಯ್ತಿದ್ಯಾ? ನನ್ ಮುಖ ನೋಡಿ ಹೇಳ್ರೀ."

ಹಿಂದಿನ ದಿನದಿಂದ ಎದೆ ಬಿಗಿಯುತ್ತಿತ್ತು. ಅದನ್ನೂ ಮುಚ್ಚಿಟ್ಟಿದ್ದೆ. ಈಗ ಹೇಳಿಬಿಟ್ಟೆ.

ಆಂಬುಲೆನ್ಸಿನಲ್ಲಿ ಅವಳು ಬೈಯಲಿಲ್ಲ. ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು ರಾಯರನ್ನು ನೆನೆಯುತ್ತಿದ್ದಳು. ನನಗೆ ನೆನೆಯಲೂ ನಾಚಿಕೆಯಾಯಿತು.

ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಸಂಜೆ ಬಂದ ಡಾಕ್ಟರಮ್ಮ, ಹೃದಯಕ್ಕೆ ಪೆಟ್ಟಾಗಿಲ್ಲ, ಅದು ನಿಮ್ಮ ಪುಣ್ಯ ಎನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇನ್ನು ಮುಂದೆ ಮಾತ್ರೆ ನಿಲ್ಲಿಸುವುದಿದ್ದರೆ ನಾವೇ ಹೇಳುತ್ತೇವೆ, ನೀವಾಗಿ ನಿಲ್ಲಿಸಬೇಡಿ ಎಂದೂ ಗದರಿದರು.

ವಾರ್ಡಿನಲ್ಲಿ ಮಲಗಿದಾಗ ಹೊಳೆಯಿತು. ತೆಗೆದುಬಿಡಿ ಎಂದು ನಾನು ಬೇಡಿದ ನೋವನ್ನೇ ರಾಯರು ಹೆಚ್ಚಿಸಿದ್ದರು. ಅದು ಕಡಿಮೆಯಾಗಿದ್ದರೆ ನಾನು ಬಗ್ಗುತ್ತಿದ್ದೆ. ಆ ದಿನದ ಮಾತ್ರೆಗಳೂ ಮಣ್ಣು ಸೇರುತ್ತಿದ್ದವು, ಅವುಗಳ ಹಿಂದೆಯೇ ನಾನೂ.

ಆರಾಧನೆಯ ದಿನ ಪಲ್ಲಕ್ಕಿ ಬೇರೆಯವರ ಹೆಗಲೇರಿತು. ನಾನು ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೈ ಮುಗಿದೆ. ಶಾರದೆ ತೀರ್ಥಕ್ಕೆ ಮೊದಲು ಮಾತ್ರೆ ಕೊಟ್ಟು, "ಬಾಯಿ ತೆಗೀರಿ. ನಾಲಿಗೆ ಎತ್ತಿ" ಎಂದಳು. ಅಕ್ಕಪಕ್ಕದವರು ನಕ್ಕರು. ಎತ್ತಿ ತೋರಿಸಿದೆ.

ನೋವು ಇನ್ನೂ ಇದೆ, ದಣಿವೂ ಇದೆ. ತೆಗೆಯಿರೆಂದು ಈಗ ಕೇಳುವುದಿಲ್ಲ. ತುಳಸಿಗೆ ಶಾರದೆಯೇ ನೀರು ಹಾಕುತ್ತಾಳೆ. ನಾನು ಚೊಂಬು ತುಂಬಿಸಿ ಕೊಡುತ್ತೇನೆ. ಅಷ್ಟನ್ನೇ ಸೇವೆಯೆಂದು ರಾಯರು ಒಪ್ಪಿಕೊಂಡಿದ್ದಾರೆ.