ಉಪ್ಪು ನೋಡದೆ ಅಡುಗೆ ಮಾಡಲು ಕಲಿತ ಪುಟ್ಟಸಿದ್ದಮ್ಮ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕಂಪಲಾಪುರದ ಹತ್ತಿರದ ಬಾಲಕಿಯರ ವಸತಿ ನಿಲಯದ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುತ್ತಿದೆ. ಒಲೆಯ ಮುಂದೆ ಪುಟ್ಟಸಿದ್ದಮ್ಮ ನಿಂತಿದ್ದಾರೆ. ಹನ್ನೊಂದು ಕೆಜಿ ರವೆ ಕೊಪ್ಪರಿಗೆಗೆ ಇಳಿಯುತ್ತದೆ, ಎರಡೂ ಕೈಯಲ್ಲಿ ಉದ್ದನೆಯ ಸೌಟು ಹಿಡಿದು ತಿರುವುತ್ತಾರೆ. ನಾಲ್ಕು ಸುತ್ತು ತಿರುವಿದ ಮೇಲೆ ಕಟ್ಟೆಗೆ ಅಂಗೈ ಊರಿ ನಿಲ್ಲುತ್ತಾರೆ. ಅವರ ಉಸಿರು ಬಾಗಿಲ ಬಳಿ ನಿಂತ ನನಗೂ ಕೇಳಿಸುತ್ತದೆ.

ಉಪ್ಪಿಟ್ಟು ಬೆಂದಿದೆ. ಅಭ್ಯಾಸಬಲದಿಂದ ಸೌಟಿನ ತುದಿಯದ್ದು ಎಡ ಅಂಗೈಗೆ ಬೀಳುತ್ತದೆ. ಅಂಗೈ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ. "ನೀಲಾ, ಬಾರವ್ವ ಇಲ್ಲಿ, ವಸಿ ಉಪ್ಪು ನೋಡು" ಎಂದು ಜೊತೆಯ ಅಡುಗೆಯವರಾದ ನೀಲಾಂಬಿಕೆಯನ್ನು ಕರೆಯುತ್ತಾರೆ. ನೀಲಾಂಬಿಕೆ ಬಾಯಿಗೆ ಹಾಕಿಕೊಂಡು, ಸರಿಯಾಗಿದೆ ಎಂದು ತಲೆಯಾಡಿಸುತ್ತಾರೆ. ಪುಟ್ಟಸಿದ್ದಮ್ಮ ಆಕೆಯ ಮುಖವನ್ನೇ ನೋಡುತ್ತಾರೆ. "ದಿಟ ಯೋಳ್ತಾವ್ಳೋ, ನನ್ನ ಮನ್ಸು ನೋಯಬಾರ್ದು ಅಂತ ಯೋಳ್ತಾವ್ಳೋ ಅಂತ ಮಕ ನೋಡುದ್ರೆ ಗೊತ್ತಾಯ್ತದೆ ಕಣ್ರೀ" ಎಂದು ನನಗೆ ವಿವರಣೆ ಕೊಡುತ್ತಾರೆ.

ಇದರಲ್ಲೇನು ದೊಡ್ಡಸ್ತಿಕೆ ಎಂದು ಕೇಳಬೇಡಿ. ಹತ್ತೊಂಬತ್ತು ವರ್ಷ ಇಲ್ಲಿ ತಾವೇ ರುಚಿ ನೋಡಿ ಬಡಿಸಿದ ಹೆಂಗಸು ಇವರು. ಐದು ವಾರಗಳಿಂದ ಒಲೆಯ ಮುಂದೆ ಬಾಯಿಗೆ ಏನನ್ನೂ ಹಾಕಿಕೊಂಡಿಲ್ಲ. ಇವತ್ತು ಹನ್ನೊಂದು ಗಂಟೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಬೃಂದಾ ಎಂಬ ಮನಃಶಾಸ್ತ್ರಜ್ಞೆ ಪುಟ್ಟಸಿದ್ದಮ್ಮನನ್ನು ಪರೀಕ್ಷಿಸುತ್ತಾರೆ. ಮನಸ್ಸು ಸಿದ್ಧವಾಗಿದೆ ಎಂದು ಆಕೆ ಬರೆದುಕೊಟ್ಟರೆ ಮಾತ್ರ ತೂಕ ಇಳಿಸುವ ಶಸ್ತ್ರಚಿಕಿತ್ಸೆ. ಒಂದು ಸಲ ಬರೆದುಕೊಡದೆ ವಾಪಸ್ ಕಳಿಸಿಯಾಗಿದೆ. ಇವತ್ತಿನದು ಎರಡನೆಯ ಸಲ.

ಪುಟ್ಟಸಿದ್ದಮ್ಮನಿಗೆ ನಲವತ್ತೊಂಬತ್ತು ವರ್ಷ. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ತೂಕ ನೂರ ಇಪ್ಪತ್ತೆರಡು ಕೆಜಿ. "ಪುಟ್ಟ ಅನ್ನೋದು ಎಸ್ರಲ್ಲಿ ಮಾತ್ರ ಉಳ್ಕಂಡೈತೆ ಬುಡಿ" ಎಂದು ನಾವು ನಗುವ ಮೊದಲೇ ತಾವೇ ನಗುತ್ತಾರೆ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ಮಂಡಿಚಿಪ್ಪು ಸವೆದಿದೆ. ದಿನಕ್ಕೆ ನೂರ ಅರವತ್ತು ಮಕ್ಕಳಿಗೆ ಮೂರು ಹೊತ್ತು ಬೇಯಿಸುವುದೆಂದರೆ ಎಂಟು ಗಂಟೆ ನಿಂತೇ ಇರಬೇಕು. ತೂಕ ಇಳಿಯದಿದ್ದರೆ ವರ್ಷದೊಳಗೆ ನಿಲ್ಲುವುದೇ ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ನಿಲ್ಲಲಾಗದಿದ್ದರೆ ಈ ಅಡುಗೆಮನೆ ಬಿಡಬೇಕು. ಅದೊಂದು ಮಾತು ಬಂದಾಗ ಮಾತ್ರ ಪುಟ್ಟಸಿದ್ದಮ್ಮ ನಗುವುದಿಲ್ಲ.

ಮೊದಲನೆಯ ಪರೀಕ್ಷೆಯ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. ಮಗಳು ಸಂಘಮಿತ್ರ ಹುಣಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಹೆದರಬೇಡ, ಇದ್ದದ್ದು ಇದ್ದಂಗೆ ಹೇಳು ಎಂದು ಅವಳು ಫೋನಿನಲ್ಲಿ ಬುದ್ಧಿ ಹೇಳಿದ್ದಳು. ಆದರೆ ಬೀದಿಯ ಹೆಂಗಸರು ಬಿಡಬೇಕಲ್ಲ! ಅತ್ತರೆ ಫೇಲು, ಜಾಸ್ತಿ ನಕ್ಕರೆ ಹುಚ್ಚು ಅಂತಾರೆ, ಜಾಸ್ತಿ ಉಣ್ತೀನಿ ಅಂದರೆ ಆಪರೇಷನ್ನೇ ಇಲ್ಲ ಎಂದು ತಲೆಗೊಂದರಂತೆ ಹೇಳಿದರು. ತಲೆ ಸರಿಯಿದೆಯೇ ಎಂದು ನೋಡಲು ಕೇಳುತ್ತಾರಂತೆ ಎಂದು ಪುಟ್ಟಸಿದ್ದಮ್ಮ ವಾರ, ತಿಥಿ, ತಿಂಗಳು ಉರು ಹೊಡೆದರು. ನೂರರಿಂದ ಏಳೇಳು ಕಳೆಯುತ್ತಾ ಹೋಗುವುದನ್ನೂ ಕಲಿತರು. ಮದುವೆಗೆ ಉಡುವ ಸೀರೆ ಉಟ್ಟು ಹೋದರು.

ಬೃಂದಾ ಅದ್ಯಾವುದನ್ನೂ ಕೇಳಲಿಲ್ಲ. ಒಂದು ವಾರ ಮೊದಲೇ, ತಿಂದದ್ದನ್ನೆಲ್ಲ ಬರೆದು ತನ್ನಿ ಎಂದು ಆಸ್ಪತ್ರೆಯಲ್ಲಿ ಒಂದು ಪುಸ್ತಕ ಕೊಟ್ಟಿದ್ದರು. ಅದನ್ನು ಬಿಡಿಸಿ ನೋಡಿದರು. ಏಳೂ ದಿನ ಒಂದೇ ಲೆಕ್ಕ: ಒಂದು ಮುದ್ದೆ, ಒಂದು ಹಿಡಿ ಅನ್ನ, ಎರಡು ಲೋಟ ಟೀ. "ಇಷ್ಟೇನಾ?" ಎಂದು ಕೇಳಿದರು. ಇಷ್ಟೇ ಎಂದರು ಇವರು. ಬೃಂದಾ ಪುಸ್ತಕ ಮುಚ್ಚಿ ವಾಪಸ್ ಕೊಟ್ಟರಂತೆ. ಬಾಯಿಗೆ ಹೋದದ್ದೆಲ್ಲ ಇದರಲ್ಲಿ ಬರಲಿ, ಆರು ವಾರ ಬಿಟ್ಟು ಬನ್ನಿ ಎಂದು ಕಳಿಸಿಬಿಟ್ಟರು.

"ನನ್ನ ಸುಳ್ಳಿ ಅಂದ್ಬುಟ್ರಲ್ಲ ಅಂತ ಬಸ್ಸಲ್ಲಿ ಊರು ಮುಟ್ಟೋಗಂಟ ಅತ್ತಿವ್ನಿ. ನಾನು ಒಂದಕ್ಷರ ಸುಳ್ಳು ಬರ್ದಿರ್ಲಿಲ್ಲ ಕಣ್ರೀ. ಕುಂತ್ಕಂಡು ತಟ್ಟೆ ಮುಂದೆ ಉಂಡಿದ್ದು ಅಷ್ಟೇಯ."

ನಿಜವೇ. ಅಡುಗೆ ಮಾಡುವವರಿಗೆ ಕೂತು ಉಂಡದ್ದು ಮಾತ್ರ ಊಟ, ನಿಂತು ನೋಡಿದ್ದು ಉಪ್ಪು. ನಮ್ಮ ಕಡೆ ಯಾವ ಮದುವೆಮನೆಯ ಭಟ್ಟರನ್ನು ಕೇಳಿದರೂ ಬೆಳಗಿನಿಂದ ಏನೂ ತಿಂದಿಲ್ಲ ಎಂದೇ ಹೇಳುತ್ತಾರೆ, ನೂರು ಸಲ ರುಚಿ ನೋಡಿರುತ್ತಾರೆ. ಪುಟ್ಟಸಿದ್ದಮ್ಮ ಮಾಡಿದ್ದೂ ಅದೇ ತಪ್ಪು.

ಬೇರೆಯವರಾಗಿದ್ದರೆ ಡಾಕ್ಟರನ್ನು ಬೈದುಕೊಂಡು ಸುಮ್ಮನಾಗುತ್ತಿದ್ದರು. ಇವರು ಎರಡು ದಿನ ಮುನಿಸಿಕೊಂಡರು, ಮೂರನೆಯ ದಿನ ಒಂದು ಸ್ಟೀಲ್ ಡಬ್ಬಿ ತಂದು ಒಲೆಯ ಪಕ್ಕ ಇಟ್ಟರು. ಹಿಟ್ಟಿನ ಕೈಯಲ್ಲಿ ಪೆನ್ನು ಹಿಡಿಯಲಾಗದು. ಅದಕ್ಕೇ ಬಾಯಿಗೆ ಎಷ್ಟು ಹಾಕಿಕೊಳ್ಳುತ್ತಾರೋ ಅಷ್ಟನ್ನೇ ಡಬ್ಬಿಗೂ ಹಾಕುತ್ತಾ ಬಂದರು. ಸಾರಿನ ಹೋಳು, ಅಂಗೈಯಷ್ಟು ಪಲ್ಯ, ಮುರಿದ ಮುದ್ದೆಯ ಚೂರು, ಮಕ್ಕಳು ಬಿಟ್ಟ ಅನ್ನ ಚೆಲ್ಲಬಾರದೆಂದು ತಿಂದ ತುತ್ತು, ಎಲ್ಲವನ್ನೂ.

"ಸಂಜೆ ಮುಚ್ಚಳ ಆಕೋಕೋದ್ರೆ ಮುಚ್ಚಳ ಕೂರ್ತಿಲ್ಲ! ಮೂರು ಜನ ಉಣ್ಬೋದು ಅದ್ನ. ಅಯ್ಯೋ ಸಿವ್ನೇ, ಇದೆಲ್ಲ ನನ್ನೊಟ್ಟೆಗೆ ಓಯ್ತಿತ್ತಾ ಅಂತ ಅಲ್ಲೇ ಕುಂತ್ಬುಟ್ಟೆ. ಡಾಕ್ಟ್ರು ಸುಳ್ಳಿ ಅಂದಿರ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ."

ನಾಲ್ಕು ದಿನ ಡಬ್ಬಿ ತುಂಬಿತು. ಅದು ಪಕ್ಕದ ಸಣ್ಣಬೀರಯ್ಯನ ಎಮ್ಮೆಗೆ ಹೋಯಿತು. ಐದನೆಯ ದಿನದಿಂದ ರುಚಿ ನೋಡುವುದನ್ನೇ ಬಿಟ್ಟರು. ಎಮ್ಮೆ ಇನ್ನೂ ಆ ಹೊತ್ತಿಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತದೆಯಂತೆ.

ಬಿಟ್ಟದ್ದು ಸುಲಭವಾಗಿರಲಿಲ್ಲ. ಮೊದಲ ವಾರ ಒಂದು ಮಧ್ಯಾಹ್ನ ಇವರೂ ಉಪ್ಪು ಹಾಕಿ, ನೀಲಾಂಬಿಕೆಯೂ ಹಾಕಿ, ಸಾರು ಬಾಯಿಗಿಡಲಾಗದಂತಾಯಿತು. ಮಕ್ಕಳು ಮಜ್ಜಿಗೆಯಲ್ಲಿ ಉಂಡರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅರ್ಧ ಕೊಪ್ಪರಿಗೆ ಸಾರು ಉಳಿಯಿತು. "ಅವತ್ತು ಇವ್ರೇ ಆ ಸಾರು ಹೊತ್ಕೊಂಡೋಗಿ ಚೆಲ್ಲುದ್ರು, ನಾನೇ ಬೈಸ್ಕೊಂಡಿದ್ರೆ ವಾಸಿಯಾಗಿತ್ತು" ಎನ್ನುತ್ತಾರೆ ನೀಲಾಂಬಿಕೆ. ಮರುದಿನದಿಂದ ಉಪ್ಪಿಗೊಂದು ಲೋಟ ಗೊತ್ತುಮಾಡಿಕೊಂಡರು. ಹಾಕುವ ಕೈ ಪುಟ್ಟಸಿದ್ದಮ್ಮನದು, ನೋಡುವ ನಾಲಿಗೆ ನೀಲಾಂಬಿಕೆಯದು. ಆಮೇಲೆ ಸಾರು ಉಳಿದಿಲ್ಲ.

ಎಂಟೂವರೆಗೆ ಮಕ್ಕಳ ತಿಂಡಿ ಮುಗಿಯುತ್ತದೆ. ಇವತ್ತಿನ ಉಪ್ಪಿಟ್ಟನ್ನು ನಾನೂ ಎರಡು ಸಲ ಹಾಕಿಸಿಕೊಂಡೆ, ನಾಚಿಕೆಯೇನಿಲ್ಲ. ಪುಟ್ಟಸಿದ್ದಮ್ಮ ಕೂತು ತಮ್ಮ ಪಾಲಿನ ಒಂದು ಸಣ್ಣ ಬಟ್ಟಲು ತಿಂದು, ಪುಸ್ತಕದಲ್ಲಿ ಬರೆದುಕೊಂಡು ಏಳುತ್ತಾರೆ. ಗಂಡ ಗೋವಿಂದಯ್ಯ ಬಂದು, ರಸ್ತೆಯಲ್ಲಿ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸುತ್ತಾರೆ. ಮೂವರ ಸೀಟಿನಲ್ಲಿ ಗಂಡಹೆಂಡಿರು ಇಬ್ಬರೇ ಕೂತದ್ದಕ್ಕೆ ಹಿಂದಿನಿಂದ ಯಾರೋ ಒಂದು ಮಾತೆಸೆದು ನಗುತ್ತಾರೆ. ನನಗೆ ಮೈ ಉರಿಯುತ್ತದೆ. "ಸುಮ್ಕಿರಿ ಸಾ, ದಿನಾ ಇದ್ದಿದ್ದೇಯ" ಎನ್ನುತ್ತಾರೆ ಗೋವಿಂದಯ್ಯ. ಹುಣಸೂರು ದಾಟುವವರೆಗೂ ಪುಟ್ಟಸಿದ್ದಮ್ಮ ಕಿಟಕಿಯ ಆಚೆಯೇ ನೋಡುತ್ತಾರೆ.

ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ಒಳಗೆ ಹೋದವರು ಹೊರಗೆ ಬರುವಾಗ ಹನ್ನೆರಡೂಕಾಲು. ಕಣ್ಣು ಕೆಂಪಾಗಿದೆ. ಗೋವಿಂದಯ್ಯ ಎದ್ದು ನಿಲ್ಲುತ್ತಾರೆ, ಕೇಳಲು ಧೈರ್ಯ ಸಾಲದು. ಪುಟ್ಟಸಿದ್ದಮ್ಮ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ತಾವಾಗಿಯೇ ಹೇಳುತ್ತಾರೆ.

"ಇಂಗೆ ನಿಂತ್ಕಂಡೇ ತಿನ್ನೋದು ಯಾವಾಗ ಸುರುವಾಯ್ತಮ್ಮ ಅಂತ ಕೇಳುದ್ರು. ಯಾರೂ ಕೇಳಿರ್ಲಿಲ್ಲ ಅದ್ನ. ಯೋಳ್ಬುಟ್ಟೆ."

ಹೇಳಿದ್ದು ಇದು. ಮೊದಲು ಇವರು ಕೆಲಸಕ್ಕೆ ಸೇರಿದ್ದು ಒಂದು ಊರಿನ ಶಾಲೆಯ ಬಿಸಿಯೂಟಕ್ಕೆ. ದಲಿತ ಹೆಂಗಸು ಬೇಯಿಸಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಹತ್ತಾರು ಮನೆಯವರು ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಜಾತಿ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದಕ್ಕೇ ಉಪ್ಪು ಜಾಸ್ತಿ, ಬೇಳೆ ಬೆಂದಿಲ್ಲ ಎಂದು ದಿನಕ್ಕೊಂದು ದೂರು. ಒಂದು ಹರಳು ಉಪ್ಪೂ ತಪ್ಪಬಾರದೆಂದು ಪುಟ್ಟಸಿದ್ದಮ್ಮ ಹತ್ತತ್ತು ಸಲ ನೋಡತೊಡಗಿದರು. ಎಲ್ಲರ ಎದುರಿಗೆ ಮೊದಲ ತಟ್ಟೆ ತಾವೇ ಉಂಡು ತೋರಿಸಿದರು. ಮೂರು ವರ್ಷಕ್ಕೆ ಕೊನೆಯ ಡಬ್ಬಿಯೂ ನಿಂತಿತು. ಇವರ ಕೈಯಡುಗೆಯನ್ನು ಊರೆಲ್ಲ ಹೊಗಳಿತು. ಆದರೆ ಹತ್ತು ಸಲ ನೋಡುವ ಅಭ್ಯಾಸ ಮಾತ್ರ ಈ ವಸತಿ ನಿಲಯಕ್ಕೆ ಬಂದ ಮೇಲೂ ಮೈಯಲ್ಲೇ ಉಳಿಯಿತು.

"ಅಳ್ಬಾರ್ದು ಅಂದಿದ್ರಲ್ಲ, ಚೆನ್ನಾಗೇ ಅತ್ತೆ. ಆಯಮ್ಮ ಕುಡಿಯೋಕೆ ನೀರು ಕೊಟ್ರು. ಅಡುಗೆ ಚೆನ್ನಾಗೈತೆ ಅಂತ ಇನ್ಮೇಲೆ ಯಾರಿಗೆ ತೋರುಸ್ಬೇಕು ಅಂತ ಕೇಳುದ್ರು. ಯಾರ್ಗೂ ಇಲ್ಲ ಅಂದೆ. ಅನ್ನೋವಾಗ್ಲೇ ನಂಗೂ ಗೊತ್ತಾಯ್ತು, ಯಾರ್ಗೂ ಇಲ್ಲ ಅಂತ."

ಗೋವಿಂದಯ್ಯನಿಗೆ ಇನ್ನು ತಡೆಯಲಾಗುವುದಿಲ್ಲ. "ಅದೆಲ್ಲ ಸರಿ ಕಣಮ್ಮಿ, ಬರ್ಕೊಟ್ರಾ ಇಲ್ವಾ?"

ಪುಟ್ಟಸಿದ್ದಮ್ಮ ಬ್ಯಾಗಿನಿಂದ ಕಾಗದ ತೆಗೆಯುತ್ತಾರೆ. ಬರೆದುಕೊಟ್ಟಿದ್ದಾರೆ. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ. ಗೋವಿಂದಯ್ಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಓದಲು ಬಾರದೆ ನನ್ನ ಕೈಗೆ ಕೊಡುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ. ಯೋಚನೆ ಸ್ಪಷ್ಟವಾಗಿದೆ, ತಮ್ಮನ್ನು ತಾವು ಅರಿತಿದ್ದಾರೆ, ಶಸ್ತ್ರಚಿಕಿತ್ಸೆಗೂ ನಂತರದ ಪಥ್ಯಕ್ಕೂ ಮಾನಸಿಕವಾಗಿ ಸಿದ್ಧರಿದ್ದಾರೆ ಎಂದಿದೆ. ಇನ್ನೊಂದು ಸಲ ಓದಿ ಎನ್ನುತ್ತಾರೆ ಗೋವಿಂದಯ್ಯ. ಓದುತ್ತೇನೆ. ಪಕ್ಕದ ಬೆಂಚಿನವರೂ ತಿರುಗಿ ನೋಡುತ್ತಾರೆ.

ಮೆಂಟಲ್ ಡಾಕ್ಟರ ಹತ್ತಿರ ಹೋಗಿ ಬಂದಳು, ಪುಟ್ಟಸಿದ್ದಮ್ಮನಿಗೆ ತಲೆ ಕೆಟ್ಟಿದೆಯಂತೆ ಎಂದು ಆರು ವಾರಗಳಿಂದ ಊರಿನಲ್ಲಿ ಗುಸುಗುಸು ನಡೆದೇ ಇದೆ. ಅವರಿಗೇನು ಹೇಳುತ್ತೀರಿ ಎಂದು ಕೇಳುತ್ತೇನೆ. ಪುಟ್ಟಸಿದ್ದಮ್ಮ ಕಾಗದವನ್ನು ಮಡಚದೆ, ಸುಕ್ಕಾಗದಂತೆ ಪ್ಲಾಸ್ಟಿಕ್ ಕವರಿನೊಳಗೆ ಇಡುತ್ತಾರೆ.

"ನಾನ್ಯಾಕೆ ಯೋಳ್ಲಿ? ತಲೆ ನೆಟ್ಟಗೈತೆ ಅಂತ ಡಾಕ್ಟ್ರು ಸೈನ್ ಆಕಿರೋ ಕಾಗ್ದ ನಮ್ಮ ಬೀದೀಲಿ ನಂಗೊಬ್ಳಿಗೇ ಇರೋದು ಕಣ್ರೀ. ಅವ್ರಿದ್ರೆ ತೋರುಸ್ಲಿ."