ಏಳನೇ ನಂಬರಿನ ಅಂಗಿ

ಮಸ್ಕತ್ತಿನಲ್ಲಿ ನಮ್ಮ ಕರಾವಳಿಯವರು ಕಟ್ಟಿಕೊಂಡ ಕಬಡ್ಡಿ ತಂಡಗಳು ಹಲವು ಇವೆ. ಅವುಗಳಲ್ಲಿ ಒಂದಕ್ಕೆ ನನ್ನ ಮಗ ಮ್ಯಾನೇಜರ್. ಹಗಲು ಆಫೀಸು, ಸಂಜೆಯಾದರೆ ಕಬಡ್ಡಿ. ತಂಡದ ಮಾಲೀಕರು ಬೇರೆ, ಬೌಷರಿನಲ್ಲಿ ಫರ್ನಿಚರ್ ಅಂಗಡಿ ಇಟ್ಟವರು. ಆಡುವವರಿಗೆ ಅವರು ಸಂಬಳದ ಹಾಗೆ ಏನೋ ಕೊಡುತ್ತಾರೆ, ಅಂಗಿ ಹೊಲಿಸುತ್ತಾರೆ. ಊಟ ಹಾಕುವುದು ನಾನು.

ಅಡುಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಗಂಡ ತೀರಿಹೋದ ಮೇಲೆ ಮಗ ನನ್ನನ್ನು ಅಲ್ ಖೌದಿಗೆ ಕರೆಸಿಕೊಂಡ. ಮಗ ಸೊಸೆ ಕೆಲಸಕ್ಕೆ ಹೋದರೆ ಫ್ಲಾಟಿನಲ್ಲಿ ನಾನು ಮತ್ತು ಎ.ಸಿ.ಯ ಸದ್ದು, ಅಷ್ಟೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಓದುವ ಅಭ್ಯಾಸವೂ ಇಲ್ಲ. ಕಬಡ್ಡಿ ಅಭ್ಯಾಸ ಮುಗಿಸಿ ಬರುವ ಹುಡುಗರು ಹೋಟೆಲಿನ ಪರೋಟಾ ತಿಂದು ಮಲಗುತ್ತಾರೆಂದು ಗೊತ್ತಾದ ಮೇಲೆ ಒಂದು ದಿನ ಕುಚ್ಚಲಕ್ಕಿ ಗಂಜಿ, ಮೀನು ಸಾರು ಮಾಡಿದೆ. ಆಮೇಲೆ ಅದು ನಿಲ್ಲಲಿಲ್ಲ. ನಿಲ್ಲಿಸುವ ಮನಸ್ಸೂ ನನಗಿರಲಿಲ್ಲ. ಎಲ್ಲರೂ ಅಮ್ಮ ಅಮ್ಮ ಎಂದು ತಟ್ಟೆ ಹಿಡಿದು ನಿಂತರೆ ಯಾವ ಮುದುಕಿಗೆ ಬೇಡವಾಗುತ್ತದೆ?

ತಂಡದಲ್ಲಿ ಎಲ್ಲರೂ ತುಳು ಮಾತಾಡುವವರು. ಒಬ್ಬನನ್ನು ಬಿಟ್ಟು. ಅವನು ವಿಜಯಪುರದ ಕಡೆಯವನು, ಮಾಲ್‌ಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಟೆಕ್ನಿಷಿಯನ್. ಮದುವೆಯಾಗಿ ವರ್ಷವಾಗಿತ್ತಷ್ಟೆ. ಆಟದಲ್ಲಿ ಅವನ ಜಾಗ ಎಡಮೂಲೆ. ಎದುರು ತಂಡದವನು ಕಬಡ್ಡಿ ಕಬಡ್ಡಿ ಎಂದು ಒಳಗೆ ಬಂದಾಗ ಮೊದಲು ಅವನ ಕಾಲಿಗೆ ಬೀಳಬೇಕಾದವನು ಮೂಲೆಯವನೇ. ಹಿಡಿತ ತಪ್ಪಿದರೆ ಒದೆ ಮುಖಕ್ಕೆ. ಅವನ ಹುಬ್ಬಿನ ಮೇಲೆ ಯಾವಾಗಲೂ ಒಂದು ಪಟ್ಟಿ ಇರುತ್ತಿತ್ತು. ಬೆನ್ನ ಮೇಲೆ ಏಳನೇ ನಂಬರು.

ಅವನು ಮೀನು ತಿನ್ನುವುದಿಲ್ಲ. ಅವನಿಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಸಾರು, ಬಸಳೆ ಪಲ್ಯ ಮಾಡುತ್ತಿದ್ದೆ.

"ಅಮ್ಮಾ, ಇವ ಬರೀ ಸೊಪ್ಪು ತಿಂದು ಅಷ್ಟು ದೊಡ್ಡ ಕಾಲು ಹ್ಯಾಗೆ ಹಿಡೀತಾನೆ ಮಾರಾಯ್ರೆ?" ಎಂದು ತಂಡದ ನಾಯಕ ಛೇಡಿಸುತ್ತಿದ್ದ.

"ನೀವು ಮೀನ ತಿಂತೀರಿ, ಅದಕ್ಕ ನಿಮ್ಮ ಕೈಯಾಗಿಂದ ಎಲ್ಲಾರೂ ಜಾರಿ ಹೋಗ್ತಾರ" ಎನ್ನುತ್ತಿದ್ದ ಇವನು, ತಟ್ಟೆಯಿಂದ ತಲೆ ಎತ್ತದೆ.

ಕಳೆದ ಸೀಸನ್ ಶುರುವಾದಾಗ ನಮ್ಮ ತಂಡಕ್ಕೆ ಒಳ್ಳೆಯ ಹೆಸರು ಇರಲಿಲ್ಲ. ಆದರೆ ಮೊದಲ ಮೂರು ಆಟವನ್ನು ಸಾಲಾಗಿ ಗೆದ್ದರು. ಮಾಲೀಕರು ಮನೆಗೆ ಬಂದು ನನ್ನ ಕಾಲು ಮುಟ್ಟಿದರು. ಆಮೇಲೆ ನಮ್ಮ ಮುಖ್ಯ ರೈಡರನ ಭುಜ ಜಾರಿತು. ಮುಂದಿನ ಆಟದ ದಿನ ಅರ್ಧ ಹುಡುಗರಿಗೆ ಕಂಪೆನಿಯಲ್ಲಿ ಓವರ್‌ಟೈಮ್, ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಬಿಡಲಿಲ್ಲ. ಇದ್ದವರೇ ಆಡಿ ಸೋತರು. ಅದರ ನಂತರದ್ದನ್ನೂ ಸೋತರು. ಅದಕ್ಕೆ ನೆಪ ಇರಲಿಲ್ಲ, ಕೆಟ್ಟದಾಗಿ ಆಡಿ ಸೋತದ್ದು. ಮಾಲೀಕರ ಫೋನು ಬಂದಾಗಲೆಲ್ಲ ಮಗ ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದ. ಒಳಗೆ ಬಂದಾಗ ಅವನ ಮುಖ ಹಳೆ ಬಟ್ಟೆಯ ಹಾಗಿರುತ್ತಿತ್ತು.

ಹಾಗೂ ಹೀಗೂ ಸೆಮಿಫೈನಲಿಗೆ ಬಂದರು. ಆ ಆಟ ನಾನು ಬೌಷರಿನ ಮೈದಾನದಲ್ಲಿ ಕುರ್ಚಿ ಹಾಕಿ ಕುಳಿತು ನೋಡಿದೆ. ಎರಡೂ ಕಡೆ ಅಂಕ ಸಮ. ಕೊನೆಯ ರೈಡು ಅವರದ್ದು. ಎತ್ತಿನ ಹಾಗಿದ್ದ ಒಬ್ಬ ನಮ್ಮ ಅಂಕಣಕ್ಕೆ ಬಂದ, ಒಬ್ಬನನ್ನು ಮುಟ್ಟಿ ತಿರುಗಿದ. ಎಡಮೂಲೆಯವನು ನೆಲಕ್ಕೆ ಬಿದ್ದು ಅವನ ಪಾದ ಹಿಡಿದ. ಆ ಗಂಡಸು ಇವನನ್ನು ಮ್ಯಾಟಿನ ಮೇಲೆ ದರದರ ಎಳೆದುಕೊಂಡೇ ಹೋದ. ಇವನು ಬಿಡಲಿಲ್ಲ. ಗೆರೆಗೆ ಗೇಣು ದೂರ ಇದ್ದಾಗ ಆ ರೈಡರನ ಉಸಿರು ಕಟ್ಟಿತು. ಗೆದ್ದೆವು. ಮಗ ಓಡಿಹೋಗಿ ಇವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಮುಂದಿನದ್ದು ನನಗೆ ಅಷ್ಟು ನಾಚಿಕೆ.

ಫೈನಲ್‌ಗೆ ಮೈದಾನ ಸಿಕ್ಕಿದ್ದು ಎರಡು ವಾರ ತಡವಾಗಿ. ಎಡಮೂಲೆಯವನು ಅಷ್ಟರಲ್ಲಿ ಊರಿಗೆ ಹೋಗಲು ಟಿಕೆಟ್ ಮಾಡಿಸಿದ್ದ. ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು, ಚೊಚ್ಚಲು. ಅವನ ಕಂಪೆನಿಯಲ್ಲಿ ಒಬ್ಬ ರಜೆಯಿಂದ ಬಂದರೆ ಇನ್ನೊಬ್ಬ ಹೋಗಬೇಕು. ಈ ಸರದಿ ಬಿಟ್ಟರೆ ಮತ್ತೆ ಮಳೆಗಾಲ ಮುಗಿಯುವವರೆಗೆ ಇಲ್ಲ.

ಮಗ ಅವನ ಎದುರು ಕುಳಿತು ಹೇಳಿದ, "ನೀನು ಹೋದ್ರೆ ಮೂಲೆ ಖಾಲಿ. ಇಷ್ಟು ದೂರ ಬಂದು ಬಿಡ್ಲಿಕ್ಕೆ ಆಗ್ತದಾ? ಮಗು ಎಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದೆ. ಫೈನಲ್ ಆಡಿ, ಮುಂದಿನ ಸರದಿಗೆ ಹೋಗು."

ಅವನು ಅವ್ವನನ್ನು ಕೇಳುತ್ತೇನೆಂದು ನಮ್ಮ ಅಡುಗೆಮನೆಯಿಂದಲೇ ವೀಡಿಯೋ ಕಾಲ್ ಮಾಡಿದ. ಅವನ ತಾಯಿ ನನ್ನ ಹಾಗೆಯೇ ಓದಿದವಳಲ್ಲ, ಮಾತು ಮಾತ್ರ ಖಡಕ್.

"ಬಾಣಂತನ ನಾ ಮಾಡ್ತೀನಿ, ಅದೇನ ದೊಡ್ಡದಲ್ಲ" ಎಂದಳು. "ಆದರ ಸೊಸಿ ಅವನ ಹಾದಿ ನೋಡಾಕತ್ತಾಳ. ಸುಮ್ಮನ ಕೂಡಸಾಕ ನಿಲ್ಲಸಬ್ಯಾಡ್ರಿ ಮತ್ತ."

ಫೋನು ನನ್ನ ಕೈಯಲ್ಲಿತ್ತು. ನಾನು ಹೇಳಿದೆ, "ಹಾಗೆ ಎಂತಕ್ಕೆ ಮಾಡ್ತೇವೆ? ನಿಮ್ಮ ಮಗ ಫೈನಲ್ ಆಡ್ತಾನೆ. ಕಪ್ಪು ಅವನ ಕೈಯಲ್ಲಿ ಕೊಟ್ಟೇ ಕಳಿಸ್ತೇನೆ. ನನ್ನ ಮಾತು ಇದು."

"ನೀವು ಹೇಳಿದ ಮ್ಯಾಲ ಆತು" ಎಂದಳು.

ಇದಾಗಿ ಎರಡು ದಿನ ಕಳೆದಿತ್ತು. ಸಂಜೆ ಅಭ್ಯಾಸ ಮುಗಿಸಿ ಮಗ, ನಾಯಕ ಮತ್ತು ಇವನು ಊಟಕ್ಕೆ ಕುಳಿತಿದ್ದರು. ಮಾರನೆಯ ದಿನ ಬೆಳಿಗ್ಗೆ ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ ಎಂದು ಇವನು ಆಗಷ್ಟೇ ಹೇಳಿದ್ದ. ಮಾಲೀಕರ ಫೋನು ಬಂತು. ಮಗ ಬಾಲ್ಕನಿಯಿಂದ ತಿರುಗಿ ಬಂದವನೇ ತುಳುವಿನಲ್ಲಿ ನಾಯಕನ ಹತ್ತಿರ ಮಾತು ತೆಗೆದ. ನಾನು ಅನ್ನ ಬಡಿಸುತ್ತಿದ್ದೆ.

ಮಾಲೀಕರು ಊರಿನಿಂದ ಮೂವರು ವೃತ್ತಿ ಆಟಗಾರರನ್ನು ವಿಸಿಟ್ ವೀಸಾದಲ್ಲಿ ತರಿಸುತ್ತಿದ್ದಾರಂತೆ. ಇಲ್ಲಿ ಫೈನಲ್ ಬಂದರೆ ದುಡ್ಡಿರುವವರು ಹಾಗೆ ಮಾಡುವುದಿದೆ. ಅವರಲ್ಲಿ ಒಬ್ಬ ಎಡಮೂಲೆಗೆ.

"ಹಾಗಾದ್ರೆ ಇವನಿಗೆ ಹೇಳಿಬಿಡುವ. ಪಾಪ, ಊರಿಗೆ ಹೋಗ್ಲಿ" ಎಂದ ನಾಯಕ, ತುಳುವಿನಲ್ಲೇ.

"ಬೇಡ. ಬರುವವನ ವೀಸಾ ತಡ ಆದ್ರೆ? ಇವ ಕೈಯಲ್ಲಿ ಇರ್ಲಿ. ಆ ದಿನ ನೋಡುವ."

ಇವನು ಮಧ್ಯದಲ್ಲಿ ಕುಳಿತು ಪಲ್ಯ ಕಲಸುತ್ತಿದ್ದ. ಅವರಿಬ್ಬರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಏನಂದ್ರ ಅವರು, ಅವ್ವಾ?"

ಮಗ ನನ್ನ ಕಡೆ ನೋಡಿದ. ದೊಡ್ಡದಾಗಿ ಏನಲ್ಲ, ಸುಮ್ಮನೆ ಒಂದು ನೋಟ.

"ಎಂತ ಇಲ್ಲ. ಅಂಗಡಿ ವಿಷಯ" ಎಂದೆ. "ಇನ್ನು ಸ್ವಲ್ಪ ಹಾಕ್ಲಾ?"

ಹಾಕಿಸಿಕೊಂಡ. ಮಾರನೆಯ ದಿನ ಟಿಕೆಟ್ ಕ್ಯಾನ್ಸಲ್ ಮಾಡಿದ.

ಅವನು ಹೋದ ಮೇಲೆ ನಾನು ಮಗನಿಗೆ ಬೈಯದೆ ಬಿಡಲಿಲ್ಲ. "ಎಂಜಲು ಕೈಯಲ್ಲಿ ಕೂತವನ ಎದುರು ಅವನದ್ದೇ ಲೆಕ್ಕ ಮಾಡ್ತೀಯಲ್ಲ, ನಿನಗೆ ಹೇಸಿಗೆ ಆಗ್ಲಿಲ್ವಾ?"

"ಅಮ್ಮಾ, ನಿಂಗೆ ಇದು ಅರ್ಥ ಆಗುದಿಲ್ಲ. ಮಾಲೀಕರದ್ದು ತೀರ್ಮಾನ. ಖಲಾಸ್."

ಖಲಾಸ್ ಅಂದರೆ ಮುಗಿಯಿತು. ಇಲ್ಲಿಗೆ ಬಂದ ಮೇಲೆ ನಾನು ಕಲಿತ ಮೊದಲ ಅರಬಿ ಮಾತು ಅದು, ಮಗ ದಿನಕ್ಕೆ ಎಷ್ಟೋ ಸಲ ಹೇಳುತ್ತಾನೆ. ನನ್ನ ಕೈಯಲ್ಲಿ ಫೋನು ಇತ್ತು, ಅವನ ನಂಬರು ಇತ್ತು. ನಾನೂ ಖಲಾಸ್ ಎಂದು ಸುಮ್ಮನಾದೆ. ಮಗನ ಮನೆಯಲ್ಲಿ, ಮಗನ ಅನ್ನ ತಿಂದುಕೊಂಡು ಇರುವವಳು ಎಂದು ನನಗೆ ನಾನೇ ಹೇಳಿಕೊಂಡೆ. ಆ ಅನ್ನ ಬೇಯಿಸುವವಳು ನಾನೇ ಎಂದು ಆಗ ನೆನಪಾಗಲಿಲ್ಲ.

ಮೂವರೂ ಬಂದರು. ವೀಸಾ ತಡವಾಗಲಿಲ್ಲ. ನಮ್ಮ ಮನೆಯಲ್ಲೇ ಉಳಿದರು. ಎಡಮೂಲೆಗೆ ಬಂದವನನ್ನು ದ್ವೇಷ ಮಾಡೋಣ ಎಂದು ನೋಡಿದೆ, ಆಗಲಿಲ್ಲ. ತಿಂದ ತಟ್ಟೆ ತಾನೇ ತೊಳೆದಿಡುವವನು. ಅವನಿಗೆ ಏನು ಗೊತ್ತು? ಕರೆದರು, ಬಂದ.

ಫೈನಲ್ ದಿನ ಬೆಳಿಗ್ಗೆ ಎಡಮೂಲೆಯವನಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂತು. ಸಂಜೆ ಮೈದಾನಕ್ಕೆ ಒಂದು ಡಬ್ಬ ಸಿಹಿ ಹಿಡಿದುಕೊಂಡು ಬಂದ. ಎಲ್ಲರಿಗೂ ಕೊಟ್ಟ, ಬಂದ ಮೂವರಿಗೂ ಕೊಟ್ಟ. ಇವರು ಸುಮ್ಮನೆ ಆಪತ್ತಿಗೆ ಇರಲಿ ಎಂದು ತರಿಸಿದವರು ಎಂದು ಅವನ ಹತ್ತಿರ ಹೇಳಿದ್ದರಂತೆ. ಆಮೇಲೆ ಅಂಗಿ ಹಂಚಿದರು. ಬಂದವರಿಗೆ ಹೊಸ ಅಂಗಿ ಹೊಲಿಸಲು ಸಮಯ ಇರಲಿಲ್ಲ. ಮಗ ಏಳನೇ ನಂಬರಿನದ್ದನ್ನು ಎತ್ತಿ ಎಡಮೂಲೆಗೆ ಬಂದ ಹುಡುಗನ ಕೈಗೆ ಕೊಟ್ಟ.

ಎಡಮೂಲೆಯವನು ಕೈ ಚಾಚಿದ್ದ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದು ಕಷ್ಟ. ಡಬ್ಬದ ಮುಚ್ಚಳ ಸರಿಮಾಡುವವನ ಹಾಗೆ ಮಾಡಿದ.

"ಮಾಲೀಕರು ಹೇಳಿದ್ದು, ಬೇಜಾರು ಮಾಡ್ಬೇಡ ಆಯ್ತಾ" ಎಂದ ಮಗ. "ನೀನು ಬೆಂಚಲ್ಲಿ ಇರು. ಯಾರಿಗಾದ್ರೂ ಪೆಟ್ಟಾದ್ರೆ ನೀನೇ."

ಯಾರಿಗೂ ಪೆಟ್ಟಾಗಲಿಲ್ಲ. ಅವನು ಬೆಂಚಿನಲ್ಲಿ ಕುಳಿತು, ಆಡುವವರಿಗೆ ನೀರು, ಐಸು ಕೊಟ್ಟ. ಬಂದ ಹುಡುಗ ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು. ನಾವು ಗೆದ್ದೆವು. ಜನ ಕುಣಿದರು. ನಾನು ಕುರ್ಚಿಯಿಂದ ಏಳಲಿಲ್ಲ.

ಆಗ ಮೈಕಿನಲ್ಲಿ ನನ್ನನ್ನು ಕರೆದರು. ಸೀಸನ್ ಇಡೀ ಹುಡುಗರಿಗೆ ಅನ್ನ ಹಾಕಿದ ಮಹಾತಾಯಿಗೆ ಸನ್ಮಾನ. ಇದು ನನಗೆ ಗೊತ್ತಿರಲಿಲ್ಲ. ಮಾಲೀಕರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು, ತಲೆಗೆ ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣ ಮೇಲೆ ಜಾರಿತು. ಎರಡು ಮಾತು ಹೇಳಿ ಎಂದು ಮೈಕು ಬಾಯಿಗೆ ಹಿಡಿದರು. ಹೇಳಲು ನನ್ನ ಹತ್ತಿರ ಇತ್ತು. ಬಾಯಿಯವರೆಗೆ ಬಂದಿತ್ತು. "ಎಲ್ಲರಿಗೂ ಒಳ್ಳೆಯದಾಗಲಿ" ಎಂದು ಇಳಿದುಬಿಟ್ಟೆ. ಬುಟ್ಟಿ ಭಾರ ಇತ್ತು. ಮೆಟ್ಟಿಲಿನ ಹತ್ತಿರ ಓಡಿಬಂದು ಅದನ್ನು ತೆಗೆದುಕೊಂಡವನು ಎಡಮೂಲೆಯವನೇ.

ಅವನ ಫೋನು ಬಡಿಯಿತು. ತಾಯಿ. ಆಟವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಕುಳಿತು ನೆಂಟರೆಲ್ಲ ನೋಡಿದ್ದರು. ಚಿತ್ರ ಸಣ್ಣದು, ಮಸುಕು. ಎಡಮೂಲೆ ಮತ್ತು ಏಳನೇ ನಂಬರು ಮಾತ್ರ ಕಂಡಿದೆ.

"ಏನ್ ಹಿಡದ್ಯೋ ಯಪ್ಪಾ" ಎನ್ನುತ್ತಿದ್ದಳು ಆಕೆ. "ನರ್ಸಬಾಯಿನೂ ನಿಂತು ನೋಡಿದ್ಲು. ನಿನ್ನ ಹೇಣತಿ ಮಲಗಿದಲ್ಲೇ ಕೇಳ್ತಿದ್ಲು, ಹಿಡದ್ರಾ, ಹಿಡದ್ರಾ ಅಂತ."

ಅವನು "ಹೂಂ ಅವ್ವಾ" ಎಂದ. ಮತ್ತೊಮ್ಮೆ "ಹೂಂ" ಎಂದ.

"ಆ ಅವ್ವಗ ಕೊಡು. ಮಾತು ಉಳಿಸ್ಕೊಂಡ್ಲು ಪುಣ್ಯಾತಗಿತ್ತಿ."

ಫೋನು ನನಗೆ ಕೊಟ್ಟ. ಕೊಡುವಾಗ ನನ್ನ ಕಣ್ಣಲ್ಲಿ ಕಣ್ಣಿಟ್ಟು ತಲೆ ಅಲ್ಲಾಡಿಸಿದ, ಬೇಡ ಎನ್ನುವ ಹಾಗೆ. ಪರದೆಯಲ್ಲಿ ಆ ಹೆಂಗಸು ನಗುತ್ತಿದ್ದಳು. ನಾನು ಶಾಲು ಹೊದ್ದು, ಪೇಟ ಇಟ್ಟುಕೊಂಡು ಅವಳಿಗೆ ಕಾಣಿಸುತ್ತಿದ್ದೆ.

"ಚಂದ ಆಡಿದ" ಎಂದೆ.

"ನಿಮ್ಮ ಮಗಗ ಕೊಡ್ರಿ, ಅವಗೂ ಒಂದ ಮಾತ ಹೇಳ್ತೀನಿ."

ಕೊಟ್ಟೆ. ಮಗ ಫೋನು ಹಿಡಿದು ನಗುತ್ತಾ ಹೇಳಿದ, "ಹೌದಮ್ಮ, ನಿಮ್ಮ ಮಗನಿಂದಲೇ ಗೆದ್ದದ್ದು. ಇಲ್ಲದಿದ್ರೆ ಎಲ್ಲಿ." ಮುಖದ ಒಂದು ಗೆರೆ ಅಲುಗಲಿಲ್ಲ. ಮಗನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಯಾರು ಕಲಿಸಿದರು ಎಂದು ಯೋಚಿಸಿದೆ. ಹೆಚ್ಚು ಯೋಚಿಸಬೇಕಾಗಲಿಲ್ಲ.

ಎಡಮೂಲೆಯವನು ಹಣ್ಣಿನ ಬುಟ್ಟಿಯನ್ನು ನಮ್ಮ ಕಾರಿನವರೆಗೆ ತಂದ. ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿ ಕೇಳಿದ, "ಆವತ್ತು ಊಟಕ್ಕ ಕುಂತಾಗ ಅವರು ಮಾತಾಡಿದ್ದು ಇದ ಹೌದಲ್ಲ, ಅವ್ವಾ?"

"ಹೌದು."

"ನಿಮಗ ತಿಳಿದಿತ್ತು."

"ತಿಳಿದಿತ್ತು."

"ಆಟ ಇರಲಿ ಬಿಡ್ರಿ. ಆವತ್ತು ಟಿಕೆಟ್ ಇನ್ನಾ ನನ್ನ ಕೈಯಾಗ ಇತ್ತು" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಉಂಡು ಹೋಗು ಎಂದು ಕರೆಯಲೂ ನನಗೆ ಬಾಯಿ ಬರಲಿಲ್ಲ.

ಮಳೆಗಾಲ ಮುಗಿದರೂ ಅವನಿಗೆ ರಜೆಯ ಸರದಿ ಬಂದಿಲ್ಲವಂತೆ. ಮಗು ನಡೆಯುವಷ್ಟರಲ್ಲಿ ಸಿಗಬಹುದೋ ಏನೋ, ನನಗೆ ಗೊತ್ತಿಲ್ಲ. ಈ ವರ್ಷ ಅಲ್ ಹೈಲಿನ ಇನ್ನೊಂದು ತಂಡಕ್ಕೆ ಆಡುತ್ತಿದ್ದಾನೆ. ಅಲ್ಲಿಯೂ ಎಡಮೂಲೆಯೇ. ನಮ್ಮ ತಂಡದ ಮೊದಲ ಆಟ ಅವರ ಮೇಲೆಯೇ ಬಿತ್ತು. ಮಗ ಕಾರಿನ ಕೀಲಿ ಹಿಡಿದು, "ಅಮ್ಮಾ, ಯಲ್ಲಾ, ಹೊರಡು" ಎಂದ.

"ನಾನು ಬರುದಿಲ್ಲ. ಇನ್ನು ಅಡಿಗೆಯೂ ನಿಮ್ಮದು ನೀವೇ ನೋಡಿಕೊಳ್ಳಿ."

"ಎಂತ, ಹುಷಾರಿಲ್ವಾ?"

"ಹುಷಾರಿದ್ದೇನೆ. ಆ ಹುಡುಗನಿಗೆ ತೋರಿಸ್ಲಿಕ್ಕೆ ಮುಖ ಇಲ್ಲ. ನಿನಗೆ ಉಂಟಾದ್ರೆ ಹೋಗು."

ಅವನು ಚಪ್ಪಲಿ ಹಾಕಿಕೊಂಡು ಹೋದ. ಅಮ್ಮನಿಗೆ ಪ್ರಾಯ ಆಯಿತು, ಮಂಡಿ ನೋವು ಎಂದು ಎಲ್ಲರಿಗೂ ಹೇಳುತ್ತಿದ್ದಾನಂತೆ. ಕೇಳಿದವರಿಗೆ ನಾನು, ಮಂಡಿ ಚೆನ್ನಾಗಿಯೇ ಇದೆ ಎನ್ನುತ್ತೇನೆ. ಮತ್ತೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ ಕಾರಣವನ್ನೂ ಹೇಳುತ್ತೇನೆ. ಹಾಗಾಗಿ ಈಗ ಹೆಚ್ಚು ಜನ ಕೇಳುವುದಿಲ್ಲ.