ಗಡಿಯಾಚೆಯ ಕೊಲೆ, ಊರೊಳಗಿನ ಆಣೆ

ನನ್ನ ತಮ್ಮನನ್ನು ಕೊಂದವನಿಗೆ ನಾನೇ ಬಿಡುಗಡೆ ಕೊಡಿಸಿದೆ. ಇದನ್ನು ಸುತ್ತಿಬಳಸಿ ಹೇಳುವ ವಯಸ್ಸು ನನಗೀಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿನ ಕಲ್ಲುಗಣಿಗಳಲ್ಲಿ ಕೆಲಸ ಕಲಿತಿದ್ದ ತಮ್ಮ ಅರಬರ ನಾಡಿಗೆ ಹೋದ. ಕರೆದುಕೊಂಡು ಹೋದವನು ಬಾದಾಮಿ ಕಡೆಯ ಒಬ್ಬ ಮೇಸ್ತ್ರಿ. ನಮ್ಮವನೇ, ನಮ್ಮ ಕುಲದೇವರು ಬೀರಪ್ಪನ ಒಕ್ಕಲು. ವರ್ಷ ತುಂಬುವ ಮೊದಲೇ, ತಮ್ಮ ಬಂಡೆಯಿಂದ ಜಾರಿ ಬಿದ್ದು ಸತ್ತ ಎಂದು ಕಾಗದ ಬಂತು. ಮಣ್ಣೂ ಅಲ್ಲೇ ಆಗಿತ್ತು. ಅವ್ವನಿಗೆ ಅವನ ಮುಖ ನೋಡುವುದೂ ಸಿಗಲಿಲ್ಲ.

ಕೆಲವು ತಿಂಗಳ ಮೇಲೆ, ಅಲ್ಲಿ ಅವನ ಜೊತೆ ದುಡಿದ ಕಮತಗಿಯವನೊಬ್ಬ ನಮ್ಮ ಮನೆಗೆ ಬಂದು ನಡೆದದ್ದನ್ನು ಹೇಳಿದ. ತಮ್ಮ ಊರಿಗೆ ಹೋಗುತ್ತೇನೆಂದು ಪಾಸ್‌ಪೋರ್ಟ್ ಕೇಳಿದ್ದನಂತೆ. ಮೇಸ್ತ್ರಿ ಕೊಡಲಿಲ್ಲ. ಮಾತಿಗೆ ಮಾತು ಬೆಳೆದು, ಕಲ್ಲು ಮೀಟುವ ಹಾರೆಯನ್ನೇ ಎತ್ತಿ ತಲೆಗೆ ಹೊಡೆದ.

"ಕಣ್ಣಾರೆ ನೋಡೇನ್ರಿ ಅಣ್ಣಾರ. ಎಲ್ಲಿ ಕರೀತೀರಿ ಅಲ್ಲಿ ಬಂದು ಹೇಳ್ತೇನಿ" ಎಂದ.

ಮೇಸ್ತ್ರಿ ಆಗಲೇ ವಾಪಸು ಬಂದು ಹೊಸ ಮನೆ ಕಟ್ಟಿಸುತ್ತಿದ್ದ. ನಾನು ಠಾಣೆಗೆ ಓಡಿದೆ. ಫೌಜದಾರ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ: "ಆಗಿದ್ದು ಎಲ್ಲಿ?"

"ಪರದೇಶದಾಗ್ರಿ, ಸಾಹೇಬ್ರ."

"ಮತ್ತ ನನ್ನ ಕಡಿ ಯಾಕ ಬಂದಿ? ಅಲ್ಲಿಗೇ ಹೋಗಿ ಕೇಸ್ ಹಾಕು ಹೋಗ."

ಮೈಯೆಲ್ಲ ಉರಿದುಹೋಯಿತು. ಪಾಸ್‌ಪೋರ್ಟಿಗೆ ಸಿಂಹದ ಮುದ್ರೆ ಒತ್ತಿ ಕಳಿಸುವಾಗ ಇಬ್ಬರೂ ಈ ದೇಶದವರು. ಒಬ್ಬ ಇನ್ನೊಬ್ಬನ ತಲೆ ಒಡೆದಾಗ ಮಾತ್ರ ಇಬ್ಬರೂ ಯಾರೋ ಏನೋ! ಸರ್ಕಾರಕ್ಕೆ ಗಡಿ ಇದ್ದರೆ ದೇವರಿಗೂ ಇದೆಯೇ ಎಂದುಕೊಂಡೆ. ಹಿರಿಯರನ್ನು ಸೇರಿಸಿ, ಮೇಸ್ತ್ರಿ ಭಂಡಾರ ಎತ್ತಲಿ ಎಂದು ಹಟ ಹಿಡಿದೆ.

ಬೀರಪ್ಪನ ಮುಂದೆ ಅರಿಸಿನದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಆಣೆ ಮಾಡುವುದಕ್ಕೆ ಭಂಡಾರ ಎತ್ತುವುದು ಎನ್ನುತ್ತೇವೆ. ಆಣೆಯಾದರೆ ವ್ಯಾಜ್ಯ ಮುಗಿಯಿತು. ಮತ್ತೆ ಯಾರೂ ಆ ಮಾತು ತೆಗೆಯುವಂತಿಲ್ಲ. ಅಪ್ಪ ಬೇಡವೆಂದ. "ಅಂವ ಎತ್ತಿಬಿಟ್ರ ಏನ್ ಮಾಡ್ತಿ?"

"ಅವಗ ಧೈರ್ಯ ಆಗೂದಿಲ್ಲಪ್ಪಾ" ಎಂದೆ. ಎಂಥ ಮೂರ್ಖ ನಾನು! ಕೊಲ್ಲಲು ಹೆದರದವನು ಅರಿಸಿನಕ್ಕೆ ಹೆದರುತ್ತಾನೆಂದು ನಂಬಿದ್ದೆ.

ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಮುಷ್ಟಿ ತುಂಬ ಭಂಡಾರ ಎತ್ತಿ, "ನಾ ಅವನ ಮೈ ಸೈತ ಮುಟ್ಟಿಲ್ಲ" ಎಂದ. ಅವನ ದನಿ ನಡುಗಲಿಲ್ಲ.

ಮುಂದಿನ ವಾರ ಬಾಗಲಕೋಟೆಯಲ್ಲಿ ಪರಿಚಯದ ವಕೀಲರೊಬ್ಬರು ಸಿಕ್ಕರು. ಸಂಕಟ ತಡೆಯದೆ ಎಲ್ಲ ಹೇಳಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಆಗೂದಿಲ್ಲಂತ ಯಾರ್ ಹೇಳಿದ್ರು ನಿನಗ? ನಮ್ಮ ದೇಶದಾಂವ ಎಲ್ಲಿ ಹೋಗಿ ಕೊಲೆ ಮಾಡಿದ್ರೂ ಇಲ್ಲಿ ಕೋರ್ಟಿನ್ಯಾಗ ನಿಲ್ಲಸ್ಲಿಕ್ಕೆ ಬರ್ತದ. ದಿಲ್ಲಿಯಿಂದ ಪರವಾನಗಿ ತರಬೇಕು, ಅಷ್ಟ. ನೋಡಿದಾಂವ ಅದಾನಲ್ಲ, ಕರ್ಕೊಂಡ್ ಬಾ."

ಸೀದಾ ಕಮತಗಿಗೆ ಹೋದೆ. ಸಾಕ್ಷಿ ಹೇಳಬೇಕಾದವನು ತಲೆ ಎತ್ತಲಿಲ್ಲ. "ಅಂವ ಭಂಡಾರ ಎತ್ಯಾನ್ರಿ. ಇನ್ನ ನಾ ಬಾಯಿ ತೆಗದ್ರ ದೇವರಿಗೇ ಎದುರು ನಿಂತಂಗ ಆಗ್ತದ. ಮಕ್ಕಳು ಅದಾವ್ರಿ ನನಗ."

ಕಾಲು ಹಿಡಿದೆ. ಅವನೂ ನನ್ನ ಕಾಲು ಹಿಡಿದು ಅತ್ತ, ಆದರೆ ಬರಲಿಲ್ಲ. ಕಾನೂನಿನ ಕೈ ಸಮುದ್ರ ದಾಟುತ್ತಿತ್ತು. ಫೌಜದಾರನಿಗೆ ಅದು ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ. ಆ ಕೈಗೆ ಇದ್ದ ಒಬ್ಬನೇ ಸಾಕ್ಷಿಯ ಬಾಯಿಯನ್ನು ನಾನು ಮುಚ್ಚಿಸಿಬಿಟ್ಟಿದ್ದೆ.

ಆಣೆಯಾದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಊಟ ಮಾಡುವ ಪದ್ಧತಿ ಬಾಕಿ ಉಳಿದಿತ್ತು. ಸೋಮವಾರ ಮೇಸ್ತ್ರಿ ನಮ್ಮ ಮನೆಗೆ ಬಂದು ಕೂತ. ಅವ್ವ ಅವನ ತಾಟಿಗೆ ರೊಟ್ಟಿ ಹಾಕಿದಳು. ಅಪ್ಪ ತಾನೂ ಒಂದು ತುತ್ತು ಮುರಿದು, ಅದನ್ನು ಕೈಯಲ್ಲೇ ಹಿಡಿದು ಕೂತ.

ಮೇಸ್ತ್ರಿ ಹೊಟ್ಟೆ ತುಂಬ ಉಂಡ. "ರೊಟ್ಟಿ ಭಾಳ ಮೆತ್ತಗ ಆಗ್ಯಾವ್ರಿ ಯಕ್ಕಾ" ಎಂದ.

ಅವ್ವ ನನ್ನ ಕಡೆ ತಿರುಗಿ, "ಅವರ ಕೈಗೆ ನೀರ್ ಹಾಕು" ಎಂದಳು. ನಾನು ಎದ್ದು ಹೋಗಿ ಹಾಕಿದೆ.